ಚಾದರದ ಆ ತುದಿ

ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂಗು ಮಾತ್ರ ಅವಳ ಅಜ್ಜನದೇ, ಬದನೆಕಾಯಿಯಂಥದ್ದು. ನೋಡಿ ನಗುವೂ ತಡೆಯಲಿಲ್ಲ, ಅಳುವೂ ತಡೆಯಲಿಲ್ಲ. ಓಣಿಯಲ್ಲೆಲ್ಲ ಹೇಳಿ ಬಂದೆ. ಆದರೂ ಸಂತೋಷ ಖಾಲಿಯಾಗಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಶಾಲೆಯಲ್ಲಿ ಕಲಿತದ್ದು ಎರಡನೇ ಇಯತ್ತೆಯವರೆಗೆ; ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಮೊದಲ ಮಹಾಯುದ್ಧದ ವರ್ಷಗಳವು. ಅಪ್ಪ, ಅವ್ವ ತೀರಿಕೊಂಡ ಮೇಲೆ ಬೆಳಗಾವಿ ಕಡೆಯ ನಮ್ಮೂರಿನಿಂದ ಅಣ್ಣ ನನ್ನನ್ನು ಪುಣೆಗೆ ಕರೆತಂದ. ಅವನು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ನನ್ನನ್ನು ದಂಡು ಇರುವ ಕ್ಯಾಂಪಿನ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹಚ್ಚಿದ. ಆಸ್ಪತ್ರೆಯ ಚಾದರಗಳು ಗಾಡಿಗಟ್ಟಲೆ ಬರುತ್ತಿದ್ದವು. ಒದ್ದೆ ಚಾದರವನ್ನು ಒಬ್ಬರಿಂದ ಹಿಂಡಲಾಗುವುದಿಲ್ಲ. ಈ ತುದಿ ಒಬ್ಬರು, ಆ ತುದಿ ಒಬ್ಬರು ಹಿಡಿದು, ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುವಬೇಕು. ನಮ್ಮ ಮೇಲಿನ ಮೇಸ್ತ್ರಿ, ಮುಕಾದಮ, ಎತ್ತರ ನೋಡಿ ಜೋಡಿ ಹಚ್ಚುತ್ತಿದ್ದ. ಹೆಂಗಸರಲ್ಲಿ ನಾನು ಉದ್ದ, ಗಂಡಸರಲ್ಲಿ ಅವರು, ಅಂದರೆ ಈ ಕೂಸಿನ ಅಜ್ಜ, ಗಿಡ್ಡ. ನಮ್ಮನ್ನು ಕೂಡಿಸಿದ್ದು ದೇವರಲ್ಲ, ಮುಕಾದಮನ ಅಳತೆಗಣ್ಣು.

ಅಲ್ಲಿ ಎಲ್ಲರದೂ ಮರಾಠಿ. ನನ್ನದು ಕುಂಟು ಮರಾಠಿ. ನಮ್ಮಿಬ್ಬರ ಮಾತೆಂದರೆ “ಧರಾ, ಪಿಳಾ, ಸೋಡಾ” ಅಷ್ಟೇ: ಹಿಡಿಯಿರಿ, ಹಿಂಡಿರಿ, ಬಿಡಿರಿ. ಊಟದ ಹೊತ್ತಿಗೆ ಅವರು ಒಂದಿಷ್ಟು ಚಟ್ನಿ ಚಾಚುತ್ತಿದ್ದರು, ನಾನು ಅರ್ಧ ರೊಟ್ಟಿ. ನನಗೆ ಅವರೂ ಅಲ್ಲಿಯ ಹಗ್ಗ, ಕಲ್ಲುಗಳಂತೆ ಕೆಲಸದ ಒಂದು ಸಾಮಾನು.

ಆದರೆ ಬಾಯಿ ಸುಮ್ಮನಿರಬೇಕಲ್ಲ! ಮರಾಠಿಯವನಿಗೆ ಏನು ತಿಳಿದೀತು ಎಂದು ಮೊದಲ ದಿನವೇ ಕನ್ನಡದಲ್ಲಿ ಗೊಣಗಿದೆ: “ಮೂಗ ನೋಡ ಮೂಗ, ಬದನಿಕಾಯಿ ಜೋತಬಿದ್ದಂಗ! ಎಳ್ಯಾಕೂ ಬರಂಗಿಲ್ಲ, ಬಿಡಾಕೂ ಬರಂಗಿಲ್ಲ. ಎಲ್ಲಿಂದ ಹಿಡ್ಕೊಂಡ ಬಂದಾರೋ ಇದನ್ನ.”

ಅವರು ಗಂಭೀರವಾಗಿ “ಪಿಳಾ, ಬಾಈ” ಎಂದರು. ಎಂಥ ಮಿತಭಾಷಿ, ಎಂಥ ಮರ್ಯಾದಸ್ಥ ಎಂದುಕೊಂಡೆ.

ಆಮೇಲೆ ಅದೇ ರೂಢಿಯಾಯಿತು. ಅಣ್ಣನ ಹೆಂಡತಿ ವೈನಿ ಬೈದದ್ದು, ಊರಿನ ಹೊಳೆ ನೆನಪಾದದ್ದು, ಅವ್ವ ಕನಸಿನಲ್ಲಿ ಬಂದದ್ದು, ಎಲ್ಲವನ್ನೂ ಚಾದರದ ಮೇಲಿಂದ ಆ ತುದಿಗೆ ದಾಟಿಸಿದೆ. ನಡುನಡುವೆ ಅವರಿಗೂ ಒಂದೆರಡು ಬೈಗುಳ. ಗೋಡೆಗೆ ಹೇಳಿಕೊಂಡಷ್ಟು ಹಗುರ. ಒಂದು ದಿನ ಜ್ವರ ಬಂದು ಅವರು ಕೆಲಸಕ್ಕೆ ಬರಲಿಲ್ಲ. ಬೇರೆ ಜೋಡಿಯ ಎದುರು ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸಂಜೆಯವರೆಗೆ ಬಾಗಿಲನ್ನೇ ನೋಡಿದೆ. ನನಗೆ ಗಾಬರಿಯಾದದ್ದು ಆವಾಗ.

ಅಷ್ಟರಲ್ಲಿ ಅಣ್ಣ ಗೋಕಾಕ ಕಡೆ ಒಂದು ವರ ನೋಡಿಕೊಂಡು ಬಂದ. ಪುಣೆಯಲ್ಲಿ ಕನ್ನಡದ ಹುಡುಗ ಎಲ್ಲಿ ಸಿಗಬೇಕು ಎಂಬುದು ಅವನ ಚಿಂತೆ. ಸೋಮವಾರ ಹುಡುಗನ ಕಡೆಯವರು ಬರುತ್ತಾರೆ, ಮಾತು ಮುಗಿಸಿ ನಿನ್ನನ್ನು ಅವರ ಸಂಗಡವೇ ಊರಿಗೆ ಕಳಿಸುತ್ತೇನೆ ಎಂದ.

ಮರುದಿನ ಚಾದರ ತಿರುವುತ್ತ ಹೇಳಿದೆ: “ನಾ ಹೊಂಟೆ. ಆ ಗೋಕಾಕದಾಂವಗ ನಿನ್ನಂಗ ಸುಮ್ಮನ ಕೇಳಾಕ ಬರತೈತೋ ಇಲ್ಲೋ. ನಿನ್ನ ಬಿಟ್ಟ ಹೋಗಾಕ ಜೀವ ಒಲ್ಲೆ ಅಂತೈತಿ. ನಿನಗೆಲ್ಲಿ ತಿಳೀಬೇಕ, ಕಲ್ಲ!”

ಹಿಂಡುವುದು ನಿಂತಿತು. ಆ ತುದಿಯಿಂದ ಮಾತು ಬಂತು, ಅಚ್ಚ ಬೈಲಹೊಂಗಲದ ಕನ್ನಡದಲ್ಲಿ: “ಹಂಗಾರ ಹೋಗಬ್ಯಾಡ್ರಿ.”

ನನ್ನ ಕೈಯ ಚಾದರ ಕೆಸರಿಗೆ ಬಿತ್ತು.

“ನಿಮಗ ಕನ್ನಡ ಬರತೈತಿ?”

“ಹುಟ್ಟಿದಾಗಿಂದ ಬರತೈತ್ರಿ.”

“ಮತ್ತ ಹೇಳಾಕೇನಾಗಿತ್ತು? ಬಾಯಿಗೆ ಬ್ಯಾನಿ ಬಂದಿತ್ತೇನ್ರಿ?”

“ಮೊದಲ್ನೇ ದಿನಾನ ಬದನಿಕಾಯಿ ಅಂದ್ರಿ. ನಿಮಗ ನಾಚಿಕಿ ಆದೀತಂತ ಸುಮ್ಮನಾದೆ. ಆಮ್ಯಾಲ ನಿಮ್ಮವ್ವನ ಕನಸ ಕೇಳಿದೆ. ಹೇಳಿದ್ರ ನೀವು ಮಾತಾಡೂದ ಬಿಡತಿದ್ರಿ.”

ನಾಚಿಕೆಗಿಂತ ಸಿಟ್ಟು ಹೆಚ್ಚಿತ್ತು. ಆದರೆ ನನ್ನ ಮಿತಭಾಷಿಯನ್ನು ಆ ಸಂಜೆ ನೋಡಬೇಕಿತ್ತು. ಅಷ್ಟು ದಿನ ನುಂಗಿಕೊಂಡ ಉತ್ತರಗಳನ್ನೆಲ್ಲ ಒಂದೇ ಸಮನೆ ಕೊಟ್ಟರು. ವೈನಿ ಬೈದದ್ದರಲ್ಲಿ ತಪ್ಪು ನನ್ನದೇ ಎಂದರು! ಜೋರು ಜಗಳವಾಯಿತು. ಜಗಳ ಮುಗಿಯುವಷ್ಟರಲ್ಲಿ, ನಾನು ಗೋಕಾಕಕ್ಕೆ ಹೋಗುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಾಗಿತ್ತು. ಅಣ್ಣನಿಗೆ ಮಾತ್ರ ಗೊತ್ತಿರಲಿಲ್ಲ.

ಭಾನುವಾರ ಅವರು ನಮ್ಮ ಮನೆಗೆ ಬಂದು, ನನ್ನನ್ನು ಕೇಳಲು ಬಂದಿರುವುದಾಗಿ ಹೇಳಿದರು, ಅದೂ ಹೆದರಿಕೆಗೆ, ಲಾಂಡ್ರಿಯ ರೂಢಿಯಂತೆ ಮರಾಠಿಯಲ್ಲಿ. “ಯಾ ಊರ ನಿಮ್ದು?” ಎಂದು ಅಣ್ಣ ಕೇಳಿದರೆ ಅದಕ್ಕೂ ಮರಾಠಿಯೇ.

ಅಣ್ಣನ ಮುಖ ಬಿಗಿಯಿತು. “ನಮ್ಮ ಹುಡುಗೀನ ಮರಾಠಿ ಮಂದಿಗೆ ಕೊಡೂದಿಲ್ರಿ.”

ಒಳಗಿದ್ದ ನನಗೆ ತಡೆಯಲಿಲ್ಲ. “ಅಣ್ಣಾ, ಅವರದು ಕನ್ನಡ! ಭಾಳ ಛಲೋ ಕನ್ನಡ!”

“ನಿನಗ ಹೆಂಗ ಗೊತ್ತ?”

ಇನ್ನು ಮುಚ್ಚಿಡಲು ಏನಿತ್ತು? ಹೊಸ್ತಿಲಿಗೇ ಬಂದು ನಿಂತೆ. “ಈಗರೆ ಬಾಯಿ ಬಿಡ್ರಿ! ನಾಳೆ ನನ್ನ ಕಳಿಸಿಬಿಡತಾರ!”

ಬಿಟ್ಟರು. ಊರು, ಹೊಲ, ಕುಲ, ಅಜ್ಜ, ಮುತ್ತಜ್ಜ, ಮುತ್ತಜ್ಜನ ಎತ್ತು, ಆ ಎತ್ತಿನ ಸ್ವಭಾವ. ನಮ್ಮ ಜಾತಿಯವರೇ ಎಂಬುದು ಮುತ್ತಜ್ಜನ ಹತ್ತಿರವೇ ಗೊತ್ತಾಗಿಹೋಗಿತ್ತು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಅಣ್ಣ ಎರಡೂ ಕೈ ಎತ್ತಿ ಮುಗಿದ.

“ಸಾಕ ನಿಲ್ಲಸ್ರಿ, ಮಾರಾಯ್ರ. ಕೊಟ್ಟೀನಿ, ಕರ್ಕೊಂಡ ಹೋಗ್ರಿ.”