ಅಜ್ಜಿ ಹಾರನ್ನು, ತಾತ ಹಿಂದಿನ ದೀಪ

ಕರೆಂಟು ಹೋದರೆ ಬೀದಿಯ ಮಕ್ಕಳೆಲ್ಲ "ಹೋ..." ಎಂದು ಅರಚುತ್ತಿದ್ದ, ಬಂದರೆ ಅದಕ್ಕಿಂತ ಜೋರಾಗಿ ಅರಚುತ್ತಿದ್ದ ಕಾಲ ಅದು. ನೀವೂ ಅರಚಿರುತ್ತೀರಿ, ಇಲ್ಲ ಎನ್ನಬೇಡಿ. ತೊಂಬತ್ತರ ದಶಕದ ಮಧ್ಯಭಾಗ. ಪರೀಕ್ಷೆ ಮುಗಿದ ಮಾರನೆಯ ದಿನವೇ ನಾನು ಹುಲ್ಲಹಳ್ಳಿಯಲ್ಲಿ ಬಸ್ಸು ಹತ್ತಿ ನಂಜನಗೂಡಿನ ತಾತನ ಮನೆಗೆ ಬಂದು ಬೀಳುತ್ತಿದ್ದೆ. ತಾತನಿಗೆ ಬಾಳೆಮಂಡಿ ಇತ್ತು. ಹಾಗಾಗಿ ಆ ಮನೆಯ ಗೋಡೆ, ಹಾಸಿಗೆ, ಕೊನೆಗೆ ತಾತನ ಅಂಗಿಗೂ ಮಾಗಿದ ರಸಬಾಳೆಯ ವಾಸನೆ. ಬೆಳಗ್ಗೆ ಕುಂಟೆಬಿಲ್ಲೆ, ಮಧ್ಯಾಹ್ನ ಚೌಕಾಬಾರ, ಸಂಜೆ ಎದುರುಮನೆ ಮಾದಪ್ಪನ ಅಂಗಡಿಯ ಗೋಲಿ ಸೋಡ. ರಜೆ ಎಂದರೆ ಇಷ್ಟೇ, ಇದಕ್ಕಿಂತ ಇನ್ನೇನು ಬೇಕಿತ್ತು?

ಆ ಬೇಸಿಗೆ ಮಾತ್ರ ಕುಂಟೆಬಿಲ್ಲೆ ಮೂಲೆ ಸೇರಿತು. ನಮ್ಮ ಗಿರಿಜತ್ತೆಯ ಮದುವೆ ಗೊತ್ತಾಗಿತ್ತು. ಗಂಡಿನವರು ಮೂಗೂರಿನವರು, ಛತ್ರ ಟಿ. ನರಸೀಪುರದಲ್ಲಿ. ಹಿಂದಿನ ದಿನ ಸಂಜೆಯೇ ಹೆಣ್ಣನ್ನು ಕರೆದುಕೊಂಡು ಹೋಗಬೇಕು. "ಬಾಡಿಗೆಗೆ ಒಳ್ಳೆ ಬಿಳಿ ಕಾರು ಬತ್ತದೆ, ಊವಿನ ಆರ ಆಕಿ ಕಳುಸ್ತಾರೆ" ಎಂದು ತಾತ ಹೇಳಿದ್ದೇ ತಡ, ಅತ್ತೆ ಊಟದ ತಟ್ಟೆ ಮುಂದೆ ಕೈ ಕಟ್ಟಿ ಕೂತಳು.

"ನಾನು ಓಗೋದು ಆಮೆಲೇ. ನೀನೇ ಓಡುಸ್ಬೇಕು ಅಪ್ಪಾ."

ಆಮೆ ಎಂದರೆ ಹಿತ್ತಿಲ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ತಾತನ ಕಾರು. ಬ್ರಿಟಿಷರ ಕಾಲದ್ದು. ದುಂಡನೆಯ ಬೆನ್ನು, ಉಬ್ಬಿದ ಎರಡು ಕಣ್ಣು. ತಾತ ಪ್ರಾಯದಲ್ಲಿ ಅದನ್ನು ಮೈಸೂರಿನ ವಕೀಲರೊಬ್ಬರಿಂದ ಕೊಂಡಿದ್ದರಂತೆ. ಅತ್ತೆ ಸಣ್ಣವಳಿದ್ದಾಗ ಬಾಳೆಗೊನೆಗಳ ನಡುವೆ ಕೂತು ಅದರಲ್ಲೇ ಸ್ಕೂಲಿಗೆ ಹೋದವಳು. ಒಂದು ಸಂಜೆ ಹೋಗುತ್ತಾ ಹೋಗುತ್ತಾ ಡ್ಯಾಶ್‌ಬೋರ್ಡಿನ ಕೆಳಗಿನಿಂದ ದಟ್ಟ ಹೊಗೆ ಬಂದು, ತಾತ ರಸ್ತೆಯ ಮಣ್ಣು ಬಾಚಿ ಎರಚಿ ನಂದಿಸಿದ್ದರು. ವೈರುಗಳೆಲ್ಲ ಸುಟ್ಟಿದ್ದವು. ಇಂಜಿನ್ನಿಗೇನೂ ಆಗಿರಲಿಲ್ಲ. ಆದರೂ ಆವತ್ತು ಶೆಡ್ಡಿಗೆ ತಳ್ಳಿದ ಕಾರಿನ ಕಡೆ ತಾತ ಮತ್ತೆ ತಿರುಗಿ ನೋಡಿರಲಿಲ್ಲ. ಯಾರಾದರೂ ಅದರ ಮಾತೆತ್ತಿದರೆ ಎದ್ದು ಮಂಡಿಗೆ ಹೋಗಿಬಿಡುತ್ತಿದ್ದರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡಿದ್ದಾಗಲೇ ಹಾಗಾಯಿತಲ್ಲ ಎಂಬ ಅಂಜಿಕೆ ಅವರ ಎದೆಯಿಂದ ಹೋಗಿರಲಿಲ್ಲ.

ಅತ್ತೆ ಐಟಿಐ ಓದಿ ಊರಾಚೆಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸಾಲ್ಡರಿಂಗ್ ಕೆಲಸ ಮಾಡುತ್ತಿದ್ದಳು. "ವೈರಿಂಗ್ ಪೂರ್ತಿ ನಾನೇ ಮಾಡ್ತೀನಿ" ಎಂದಳು. ತಾತ ಮಜ್ಜಿಗೆ ಕುಡಿದು ಲೋಟ ಇಟ್ಟರು.

"ಚಪ್ಪರದ ದಿನದೊಳ್ಗೆ ದೀಪ, ಆರನ್ನು, ಬ್ರೇಕ್ ಲೈಟು, ಒಂದೂ ಎಚ್ಚುಕಮ್ಮಿ ಇಲ್ದಂಗೆ ಆಗ್ಬೇಕು. ಆದ್ರೆ ನಾನೇ ಓಡುಸ್ತೀನಿ. ಇಲ್ದಿದ್ರೆ ಬಾಡ್ಗೆ ಕಾರು."

ಅಷ್ಟು ಸಾಕಾಗಿತ್ತು. ಮದುವೆ ಹೆಣ್ಣು ಕೈಗೆ ಮೆಹಂದಿ ಹಚ್ಚಿಕೊಳ್ಳುವ ಬದಲು ಗ್ರೀಸ್ ಹಚ್ಚಿಕೊಂಡಳು. ಡ್ಯಾಶ್‌ಬೋರ್ಡಿನ ಕೆಳಗೆ ಅತ್ತೆಯ ತೋಳು ಹೋಗುತ್ತಿರಲಿಲ್ಲ, ನಾನು ಪೂರ್ತಿ ಹೋಗುತ್ತಿದ್ದೆ. ಹಾಗಾಗಿ ಅಲ್ಲಿನ ರಾಜ್ಯಭಾರವೆಲ್ಲ ನನ್ನದೇ! ಹಳೆಯ ವೈರುಗಳಿಗೆ ನೂಲಿನ ಹೊದಿಕೆ. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಸುಟ್ಟ ನಾತ, ಇಲಿಯ ನಾತ, ಅದರಡಿಯಲ್ಲಿ ಎಲ್ಲೋ ಬಾಳೆಹಣ್ಣಿನ ಪರಿಮಳ. ನಾನು ಒಂದೊಂದನ್ನೇ ಎಳೆದು ಹಾಕುತ್ತಿದ್ದೆ, ಅತ್ತೆ ಅದರ ಉದ್ದ ಅಳೆದು ಹೊಸದನ್ನು ಕತ್ತರಿಸುತ್ತಿದ್ದಳು.

ಹೊಸ ವೈರಿನ ವಿಷಯದಲ್ಲೇ ಮೊದಲ ರಗಳೆ. ಅಂಗಡಿಯಲ್ಲಿದ್ದದ್ದು ಎರಡೇ ಬಣ್ಣ, ಕೆಂಪು ಮತ್ತು ಕಪ್ಪು. ಅತ್ತೆ ಎರಡನ್ನೂ ತಂದಳು. ಹಜಾರದಲ್ಲಿ ಚಕ್ಕುಲಿ ಒತ್ತುತ್ತಿದ್ದ ಅಜ್ಜಿ ಕಪ್ಪು ಸುರುಳಿ ನೋಡಿದ್ದೇ, ಚಕ್ಕುಲಿ ಒರಳು ಅಲ್ಲೇ ಬಿಟ್ಟು ಎದ್ದು ಬಂದರು.

"ಅಯ್ಯೋ ಶಿವನೇ! ಮದ್ವೆ ಗಾಡಿಗೆ ಕರೀದು ಸುತ್ತೀಯೇನವ್ವಾ? ತಗ್ದು ಆಚೆಗಾಕು."

"ಅವ್ವಾ, ಅದು ಒಳಗಿರ್ತದೆ. ಯಾರ್ಗೂ ಕಾಣಲ್ಲ."

"ದೇವ್ರಿಗೂ ಕಾಣಕಿಲ್ವಾ?"

ಇದಕ್ಕೆ ಐಟಿಐಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಕಪ್ಪು ವಾಪಸ್ಸಾಯಿತು. ಎಲ್ಲವೂ ಕೆಂಪು. ಇನ್ನು ಯಾವುದು ಎಲ್ಲಿಗೆಂದು ಗುರುತು ಸಿಗುವುದು ಹೇಗೆ? ನಾವಿಬ್ಬರೂ ಹಳೆಯ ಬಟ್ಟೆ ಗಂಟು ಬಿಚ್ಚಿ ಚಿಂದಿ ಹರಿದೆವು. ಒಂದೊಂದು ವೈರಿನ ಎರಡೂ ತುದಿಗೆ ಒಂದೇ ಬಟ್ಟೆಯ ಚಿಂದಿ ಕಟ್ಟಿದೆವು. ಅಜ್ಜಿಯ ಸೀರೆ ಚೂರು ಹಾರನ್ನಿಗೆ, ತಾತನ ಪಟಾಪಟಿ ಚಡ್ಡಿ ಬ್ರೇಕ್ ಲೈಟಿಗೆ. ಯಾವುದು ಯಾವುದಕ್ಕೆಂದು ಹೇಳಿಕೊಂಡು ನಾವು ನಕ್ಕ ನಗುವಿಗೆ ಹೊಟ್ಟೆ ಹಿಡಿದುಕೊಂಡು ಕೂರಬೇಕಾಯಿತು.

ವೈರುಗಳನ್ನು ಕಟ್ಟು ಮಾಡಲು ಬಂದವಳು ಪಕ್ಕದ ಮನೆಯ ಹೂವಿನ ಸಾಕಮ್ಮ. ಜಗಲಿ ಉದ್ದಕ್ಕೂ ಹಾಸಿದ್ದ ಕೆಂಪು ವೈರುಗಳನ್ನು ನೋಡಿ, "ಇದೇನು ಮಾ ಕಷ್ಟ, ಕನಕಾಂಬ್ರ ಕಟ್ದಂಗೆ ಕಟ್ಟು" ಎಂದಳು. ಮೇಣ ಸವರಿದ ದಾರ ಹಿಡಿದು, ಬೆರಳಿಗೆ ಸುತ್ತಿ, ಕೆಳಗೆ ತೂರಿಸಿ, ಹೂವಿನ ಗಂಟು ಹಾಕುತ್ತಾ ಸರಸರನೆ ಹೋದಳು. ಸಂಜೆಯ ಹೊತ್ತಿಗೆ ಕಾರಿನುದ್ದದ ಕೆಂಪು ದಂಡೆ ಸಿದ್ಧವಾಗಿತ್ತು. ಅದನ್ನು ಕಾರಿನೊಳಗೆ ಮುಂದಿನಿಂದ ಹಿಂದಿನವರೆಗೆ ತೂರಿಸಿ ಹಾಸಿದೆವು. ಇನ್ನು ತುದಿಗಳನ್ನು ಜೋಡಿಸುವುದಷ್ಟೇ ಬಾಕಿ.

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಅತ್ತೆ ಸೀರೆಗೆ ಕುಚ್ಚು ಹಾಕಿಸಲು ಹೋಗಿದ್ದಳು. ಬಂದು ನೋಡಿದರೆ ಅಜ್ಜಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು, ಮುಖದಲ್ಲಿ ದೊಡ್ಡ ಸಂಭ್ರಮ.

"ಚಿಂದಿ ಕಟ್ಕಂಡು ಮದ್ವೆಗೆ ಓಗಾದಾ ನೀವು? ಎಲ್ಲಾನೂ ಬಿಚ್ಚಿ ಅಂಡೆ ಒಲೆಗಾಕಿ, ಅರಿಶಿನದ ಬಟ್ಟೆ ಕಟ್ಟಿವ್ನಿ. ಈಗ ನೋಡು, ಎಂಗದೆ ಲಕ್ಷಣವಾಗಿ!"

ಲಕ್ಷಣವಾಗಿಯೇ ಇತ್ತು. ಪ್ರತಿಯೊಂದು ಕೆಂಪು ವೈರಿನ ತುದಿಯಲ್ಲೂ ಒಂದೊಂದು ಹಳದಿ ಬಟ್ಟೆ. ಎಲ್ಲ ಒಂದೇ ಹಳದಿ!

ಅತ್ತೆಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ನೆನಪಿನ ಮೇಲೆ ಒಂದಷ್ಟನ್ನು ಜೋಡಿಸಿ ಬ್ಯಾಟರಿ ಕೊಟ್ಟಳು. ತಾತ ಜಗಲಿಯಿಂದ ಇಳಿದು ಬಂದು ನೋಡುತ್ತಿದ್ದರು. ಅತ್ತೆ ದೀಪದ ಸ್ವಿಚ್ಚು ಎಳೆದಳು. ಹಾರನ್ನು "ಪೊಂಯ್‌ಯ್" ಎಂದಿತು. ಬ್ರೇಕು ತುಳಿದಳು. ಎಡಗಡೆ ಹೆಡ್‌ಲೈಟು ಕಣ್ಣು ಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ, ಕಿಸಕ್ಕೆಂದೆ. ತಾತ ನಗಲಿಲ್ಲ.

"ಇಂಗೇ ತಾನೆ ಅವತ್ತು ಒಗೆ ಬಂದುದ್ದು? ಬ್ಯಾಡ ಬುಡು ಗಿರಿಜಾ. ಬಾಡ್ಗೆ ಕಾರ್ಗೆ ಏಳ್ಬುಡ್ತೀನಿ" ಎಂದು ಒಳಗೆ ನಡೆದರು.

ಚಪ್ಪರಕ್ಕೆ ಗಳ ಇಳಿಸುತ್ತಿದ್ದ ದಿನ ಅದು. ಅತ್ತೆ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನಂಗೆ ಕಾರಲ್ಲವ್ವಾ ಬೇಕಾಗಿರೋದು. ಅಪ್ಪ ಇನ್ನೊಂದ್ ಸಲ ಸ್ಟೇರಿಂಗ್ ಇಡ್ಕಬೇಕು, ಅಷ್ಟೇ" ಎಂದಳು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆ ಮುಖ ನೋಡಿ ನನಗೂ ಅಳು ಬಂತು. ಆಮೇಲೆ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದೆ ಬಂದು ಒಂದು ವೈರಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾವ್ದು ಎಲ್ಗೋಗ್ತದೆ ಅಂತ ತಿಳೀಬೇಕು ತಾನೆ? ನಾನು ಇದ ಇಡ್ಕಂಡಿರ್ತೀನಿ. ನೀನು ಅದೇನ್ ಮಾಡ್ತೀಯೋ ಮಾಡು. ಶಾಕ್ ವಡುದ್ರೆ ವಡೀಲಿ!"

ಅತ್ತೆಗೆ ಅಳುವಿನ ನಡುವೆಯೇ ನಗು ಬಂತು. "ಶಾಕ್ ವಡ್ಯಲ್ಲ ಕಣವ್ವಾ" ಎಂದು ಕಣ್ಣೊರೆಸಿಕೊಂಡಳು. ಆಗಲೇ ಅವಳಿಗೆ ಉಪಾಯ ಹೊಳೆದದ್ದು. ಚಪ್ಪರಕ್ಕೆಂದು ತಂದಿದ್ದ ಸೀರಿಯಲ್ ಸೆಟ್ಟಿನಿಂದ ಮಿಣುಕು ಬಲ್ಬುಗಳನ್ನು ಕತ್ತರಿಸಿಕೊಂಡಳು. ಆ ಪುಟ್ಟ ಬಲ್ಬು ಸುಟ್ಟುಹೋಗದಿರಲೆಂದು ಕಾರಿನ ಬ್ಯಾಟರಿ ಕಳಚಿಟ್ಟು, ಶಿವು ಚಿಕ್ಕಪ್ಪನ ಬೈಕಿನ ಸಣ್ಣ ಬ್ಯಾಟರಿ ಇಟ್ಟಳು. ಬಲ್ಬಿನ ಒಂದು ಕಾಲು ವೈರಿನ ತುದಿಗೆ, ಇನ್ನೊಂದು ಕಾಲು ಕಾರಿನ ಮೈಗೆ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಒಂದೊಂದೇ ತುದಿಗೆ ಕರೆಂಟು ಮುಟ್ಟಿಸುವುದು. ಯಾರ ಕೈಯ ಬಲ್ಬು ಹತ್ತುತ್ತದೋ ಅವರು ಕೂಗುವುದು.

ನಿಜ ಹೇಳಬೇಕೆಂದರೆ ಇಬ್ಬರೇ ಸಾಕಿತ್ತು. ಆದರೆ ನಮ್ಮ ಬೀದಿಯವರು ಬಿಡಬೇಕಲ್ಲ! ಸಾಕಮ್ಮ ಹೂವಿನ ಬುಟ್ಟಿ ಇಳಿಸಿ ಎಡಗಡೆ ಹೆಡ್‌ಲೈಟಿನ ತುದಿ ಹಿಡಿದಳು. ಮಾದಪ್ಪ ಸೋಡದಂಗಡಿ ಹಾಗೇ ಬಿಟ್ಟು ಬಂದು ಬಲಗಡೆಯದು ಹಿಡಿದ. ಹಿಂದುಗಡೆ ಬ್ರೇಕ್ ಲೈಟಿಗೆ ಚಿಕ್ಕಪ್ಪ. ಅಜ್ಜಿ ತಾವು ಮೊದಲು ಹಿಡಿದದ್ದನ್ನು ಯಾರಿಗೂ ಕೊಡಲಿಲ್ಲ. ಅದು ಹಾರನ್ನಿನದು.

ಕೆಳಗಿನ ಕತ್ತಲಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಅಷ್ಟೆ. ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದ ಅತ್ತೆಯ ಉಸಿರು.

"ಮುಟ್ಟಿದೆ!" ಎಂದು ಕೂಗಿದೆ.

"ನಂದು! ನಂದು ಅತ್ಕತು ಕಣ್ರೋ!" ಸಾಕಮ್ಮನ ಕಿರುಚು.

ಅತ್ತೆ ಥಟ್ಟನೆ ಆ ತುದಿಯನ್ನು ದೀಪದ ಸ್ವಿಚ್ಚಿಗೆ ಬಿಗಿದಳು. ಮತ್ತೆ ಮುಟ್ಟಿಸಿದೆ. "ಇಲ್ಲಿ, ಇಲ್ಲಿ, ಮಾದಪ್ಪಂದು!" ಮತ್ತೊಂದು. "ನಂದು ಕಣೇ, ಬ್ರೇಕು!" ಅಜ್ಜಿಯ ಸರದಿ ಬರಲೇ ಇಲ್ಲ. "ನಂದ್ಯಾಕ್ಲಾ ಅತ್ತಾಕಿಲ್ಲ? ಮೋಸ ಮಾಡ್ತಿದ್ದೀರಾ?" ಎಂದು ಜಗಳಕ್ಕೆ ನಿಂತರು. ಕೊನೆಗೆ ಹತ್ತಿದಾಗ ಮಾತ್ರ ಅವರು ಕೂಗಲಿಲ್ಲ. "ಅಯ್ಯೋ, ಎಷ್ಟು ಚೆಂದಾಗದೆ" ಎಂದು ಮೆಲ್ಲಗೆ ಅಂದರು, ದೇವರ ಮುಂದೆ ನಿಂತವರ ಹಾಗೆ.

ಒಂದು ವೈರು ಉಳಿಯಿತು. ಮುಟ್ಟಿಸಿದೆ. ಯಾರೂ ಮಾತಾಡಲಿಲ್ಲ.

"ಮುಟ್ಟಿದೆ!" ಎಂದು ಇನ್ನೂ ಜೋರಾಗಿ ಕೂಗಿದೆ. "ಅದ್ ಹಿಂದಿನ ದೀಪದ್ದು, ಯಾರೂ ಇಡ್ಕಂಡಿಲ್ಲ" ಎಂದು ಅತ್ತೆ ಏಳಹೋದಳು. ಅಷ್ಟರಲ್ಲಿ ಕಾರಿನ ಬಾಲದ ಕಡೆಯಿಂದ, ನಿಧಾನವಾಗಿ, ಎಳೆದು ಎಳೆದು ಮಾತಾಡುವ ಆ ದನಿ ಬಂತು.

"ನನ್ ಕೈಲಿ ಅತ್ಕಂಡದೆ ಕಣ್ ಕೂಸೇ."

ತಾತ! ಯಾವಾಗ ಹೊರಗೆ ಬಂದರೋ, ಯಾವಾಗ ಬಗ್ಗಿ ಆ ತುದಿ ಹಿಡಿದರೋ, ಹಿಂದೆ ನಿಂತಿದ್ದ ಚಿಕ್ಕಪ್ಪನೂ ಗಮನಿಸಿರಲಿಲ್ಲವಂತೆ. ಅತ್ತೆ ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಲ್ಲಿಸಿದಳು. ಅವಳ ಕಣ್ಣೀರು ನನ್ನ ಕೆನ್ನೆಯ ಮೇಲೆ ಬಿತ್ತು, ಬೆಚ್ಚಗೆ.

ಹೊರಡುವ ಸಂಜೆ ತಾತ ಗರಿಗರಿ ಪಂಚೆಯುಟ್ಟು ಸ್ಟೇರಿಂಗ್ ಹಿಡಿದರು. ಚಿಕ್ಕಪ್ಪ ಮುಂದಿನಿಂದ ಹ್ಯಾಂಡಲ್ ತಿರುಗಿಸಿದ. ಅಜ್ಜಿ ಮುಂದಿನ ಸೀಟು. ಹಿಂದೆ ಅತ್ತೆ, ಸಾಕಮ್ಮ, ನಡುವೆ ನಾನು, ತೊಡೆಯ ಮೇಲೆ ಚಕ್ಕುಲಿ ಡಬ್ಬ. ದೀಪ ಹಚ್ಚುವ ಹೊತ್ತಿಗೆ ತಾತ ಸ್ವಿಚ್ಚು ಎಳೆದರು. ಕಬ್ಬಿನ ಗದ್ದೆಯ ಮೇಲೆ ಎರಡು ಹಳದಿ ಬೆಳಕು ಬಿತ್ತು. "ನಾನೂ ಮಾದಪ್ಪನೂವೆ ಓಯ್ತಾ ಇದ್ದೀವಿ ನೋಡ್ರವ್ವಾ ಮುಂದ್ಗಡೆ" ಎಂದಳು ಸಾಕಮ್ಮ. ಆ ಗಳಿಗೆಯಿಂದ ಆ ದೀಪಗಳಿಗೆ ಸಾಕಮ್ಮ, ಮಾದಪ್ಪ ಎಂದೇ ಹೆಸರು. ಎಮ್ಮೆ ಅಡ್ಡ ಬಂದರೂ, ಬರದಿದ್ದರೂ ಅಜ್ಜಿ ಕೈ ಚಾಚಿ ಹಾರನ್ನು ಒತ್ತುತ್ತಿದ್ದರು. "ಸಾಕು ಬುಡೇ" ಎಂದು ತಾತ ಗದರುತ್ತಿದ್ದರು, ಮೀಸೆಯಡಿ ನಗುತ್ತಲೇ. ನರಸೀಪುರದ ಛತ್ರದ ಮುಂದೆ ಗಂಡಿನವರೆಲ್ಲ ಹೊರಗೆ ಓಡಿಬಂದರು. ಅಂಥ ಗಲಾಟೆಯ ಹಾರನ್ನು ಅವರು ಕೇಳಿರಲಿಲ್ಲ.

ಮದುವೆ ಮುಗಿದು ಹೊರಡುವಾಗ ತಾತ ಕಾರಿನ ಬೀಗದ ಕೈಯನ್ನು ಅತ್ತೆಯ ಕೈಯಲ್ಲಿಟ್ಟರು. "ನಿನ್ ತಾವೇ ಇರ್ಲಿ ಕಣವ್ವಾ. ಅದ್ರೊಳ್ಗೆ ಯಾರ್ಯಾರವ್ರೆ ಅಂತ ನಿಂಗೆ ತಾನೆ ಗೊತ್ತಿರೋದು" ಎಂದು, ಬಸ್ಸಿನಲ್ಲಿ ನಮ್ಮ ಜೊತೆ ವಾಪಸ್ ಬಂದರು.

ಈಗ ತಾತ ಇಲ್ಲ, ಅಜ್ಜಿ ಇಲ್ಲ. ಸಾಕಮ್ಮನ ಜಗಲಿ ಇದ್ದ ಕಡೆ ಮೊಬೈಲ್ ಅಂಗಡಿ. ಮಾದಪ್ಪ ಹೋದಮೇಲೆ ಗೋಲಿ ಸೋಡವೂ ಹೋಯಿತು. ಕರೆಂಟು ಹೋದರೆ ಯಾರೂ ಅರಚುವುದಿಲ್ಲ, ಇನ್ವರ್ಟರು ಸದ್ದಿಲ್ಲದೆ ಹತ್ತಿಕೊಳ್ಳುತ್ತದೆ. ಆಮೆ ಮಾತ್ರ ಮೂಗೂರಿನಲ್ಲಿ ಅತ್ತೆಯ ಮನೆಯಲ್ಲಿದೆ. ಮೊನ್ನೆ ಹೋಗಿದ್ದಾಗ ಹಿಂದಿನ ದೀಪ ಕೆಟ್ಟಿತ್ತು. ಅತ್ತೆಯ ಮಗ ಅಂಗೈಯಗಲದ ಮೀಟರು ತಂದ. ಅದು ಎರಡು ಸಲ ಕುಂಯ್ ಎಂದಿತು, ವೈರು ತುಂಡಾದ ಜಾಗ ಸಿಕ್ಕಿತು, ಬೆಸೆದ, ಕೈ ತೊಳೆಯಲು ಹೋದ. ಒಬ್ಬನೇ. ಒಳ್ಳೆಯ ಕೆಲಸಗಾರ ಅವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರನ್ನೂ ಕರೆಯಬೇಕಾಗಲಿಲ್ಲ, ಯಾರೂ ಏನನ್ನೂ ಹಿಡಿದುಕೊಳ್ಳಬೇಕಾಗಲಿಲ್ಲ. ನನಗೆ ಯಾಕೋ ಸಂಕಟವಾಯಿತು.

ಅತ್ತೆ ಒಳಗೆ ಹೋಗಿ ಕುಂಕುಮದ ಡಬ್ಬಿಯಿಂದ ಒಂದು ಮಿಣುಕು ಬಲ್ಬು ತಂದಳು. "ನೀನು ಮುಟ್ಸು. ನಾನು ಹಿಂದ್ಗಡೆ ಇಡ್ಕತೀನಿ" ಎಂದಳು.

ಡ್ಯಾಶ್‌ಬೋರ್ಡಿನ ಕೆಳಗೆ ಈಗ ನನ್ನ ತಲೆ ಮತ್ತು ಒಂದು ತೋಳು ಮಾತ್ರ ಹೋಗುತ್ತದೆ. ಬಣ್ಣಗೆಟ್ಟ ಅರಿಶಿನದ ಬಟ್ಟೆ ಬೆರಳಿಗೆ ಸಿಕ್ಕಿತು. ಕರೆಂಟು ಮುಟ್ಟಿಸಿದೆ.

"ಮುಟ್ಟಿದೆ!"

ಕಾರಿನ ಬಾಲದ ಕಡೆಯಿಂದ ಅತ್ತೆ, ನಿಧಾನವಾಗಿ, ತಾತನ ಹಾಗೆಯೇ ಎಳೆದು ಎಳೆದು ಹೇಳಿದಳು.

"ನನ್ ಕೈಲಿ ಅತ್ಕಂಡದೆ ಕಣ್ ಕೂಸೇ."

ಬಲ್ಬು ಆರದಿರಲಿ ಎಂದು ನಾನು ಆ ವೈರನ್ನು ತುಂಬ ಹೊತ್ತು ಬಿಡಲಿಲ್ಲ.