ಒರೆಸಿ ಒರೆಸಿ ಹಳತಾದ ಲಾರಿ

ಹಳೆಯ ಗಾಡಿಗೆ ಹೊಸ ಮುಖ ಕೊಡುವುದರಲ್ಲಿ ಬಣ್ಣದಕ್ಕನದು ಎತ್ತಿದ ಕೈ. ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದು ನಿಂತಳೆಂದರೆ, ಹತ್ತು ಕೈ ಬದಲಾಯಿಸಿ ಬಂದ ಕಾರೂ ಮದುವಣಗಿತ್ತಿಯ ಹಾಗೆ ಹೊರಗೆ ಬರುತ್ತಿತ್ತು. ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಳೆಂದರೆ ಡಿಕ್ಕಿ ಎಲ್ಲಾಗಿತ್ತೆಂದು ಗುದ್ದಿಸಿದವನೇ ತಡಕಾಡಬೇಕು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ, ‘ಹೆಂಗಸು ಬಣ್ಣ ಹೊಡೆದರೆ ಉಗುರಿಗೆ ಹೊಡೆದ ಹಾಗಿರುತ್ತೆ’ ಎಂದು ಹಲ್ಲು ಕಿರಿದವರ ಗಾಡಿಗಳೇ ಈಗ ಶೆಡ್ಡಿನ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಅವಳು ಅದನ್ನು ಮರೆತಿಲ್ಲ. ಅವರಿಗೂ ಮರೆಯಲು ಬಿಡುವುದಿಲ್ಲ.

ಬಿಡುವಾದಾಗ ಪುಟ್ಟ ಗಾಡಿಗಳ ಮಾದರಿ ಮಾಡುವ ಹುಚ್ಚೂ ಅವಳಿಗಿತ್ತು. ಇದನ್ನು ಕೇಳಿಕೊಂಡು ಡ್ರೈವರುಗಳ ಸಂಘದ ಕಾರ್ಯದರ್ಶಿ ಒಂದು ದಿನ ಶೆಡ್ಡಿಗೆ ಬಂದ.

“ಸಂಘದ ಕೋಣೇಲಿ ಗಾಜಿನ ಪೆಟ್ಟಿಗೆ ಮಾಡಿಸಿದೀವಮ್ಮ. ಅದರಲ್ಲಿಡೋಕೆ ನಿಮ್ಮಪ್ಪ ಓಡಿಸ್ತಿದ್ದ ಹಳೇ ಲಾರಿ ಬೇಕು, ಚಿಕ್ಕದಾಗಿ. ಹೊಸದರ ಥರ ಬೇಡ. ಓಡಿ ಓಡಿ ಸವೆದ ಹಾಗಿರಬೇಕು.”

“ಮಾಡ್ತೀನಿ. ಆದರೆ ನಮ್ಮಪ್ಪ ನೋಡಿ ಇದು ನನ್ನ ಗಾಡಿ ಅಂದರೆ ಮಾತ್ರ ಕೊಡೋದು. ಇಲ್ಲ ಅಂದರೆ ನಿಮ್ಮ ಪೆಟ್ಟಿಗೇಲಿ ಹೂವಿನ ಕುಂಡ ಇಟ್ಕೊಳಿ.”

“ಅವರು ಯಾಕಮ್ಮ ಇಲ್ಲ ಅಂತಾರೆ?”

“ನಿಮಗೆ ನಮ್ಮಪ್ಪ ಗೊತ್ತಿಲ್ಲ” ಎಂದು ಅವಳು ಮತ್ತೆ ಗನ್ ಎತ್ತಿಕೊಂಡಳು.

ಅಪ್ಪನನ್ನು ಜೊತೆಗಾರರು ಕರೆಯುತ್ತಿದ್ದುದು ‘ಬಟ್ಟೆ ಡ್ರೈವರ್’ ಎಂದು. ಹೆಗಲ ಮೇಲೆ ಸದಾ ಒಂದು ಒರೆಸುವ ಬಟ್ಟೆ. ಗಾಡಿ ನಿಂತರೆ ಉಳಿದವರು ಟೀ ಅಂಗಡಿ ಹುಡುಕಿದರೆ, ಇವನು ಬಾನೆಟ್ ಒರೆಸುತ್ತಿದ್ದ. ಲಾರಿಯೇನು ಅವನದಲ್ಲ, ಮಾಲೀಕನದು. ಬದುಕಿಡೀ ಅದನ್ನು ‘ನನ್ನ ಗಾಡಿ’ ಎಂದವನು ಇವನು. ‘ಮಾಲು’ ಎಂದವನು ಅವನು. ಯಾರ ಮಾತು ಸತ್ಯ ಎಂದು ಕಾಗದಪತ್ರ ನೋಡಿ ಹೇಳುವವರಿಗೆ ನನ್ನದೊಂದು ನಮಸ್ಕಾರ. ಒಂದು ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದರೆ ಗಾಡಿ ನಿಲ್ಲುವ ಜಾಗ ಖಾಲಿ. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ. ಹಿಂದಿನ ಸಂಜೆ ಗುಜರಿಯವನು ಎಳೆದುಕೊಂಡು ಹೋಗಿದ್ದ. ‘ನಾಳೆ ಬರಬೇಡ, ಗಾಡಿ ಮಾರಿಬಿಟ್ಟೆ’ ಎಂದು ಒಂದು ಮಾತು ಹೇಳುವ ಸೌಜನ್ಯ ಮಾಲೀಕನಿಗಿರಲಿಲ್ಲ. ಎತ್ತಿಗೆ ಮೇವು ಹಾಕುವವನಿಗೂ ಎತ್ತು ಮಾರಿದ ಸುದ್ದಿ ಹೇಳುತ್ತಾರೆ.

ಅಪ್ಪ ಈಗ ಮಗಳ ಮನೆಯ ಕಿಟಕಿಯ ಬಳಿ ಕೂರುತ್ತಾನೆ. ಬಟ್ಟೆ ಇನ್ನೂ ಹೆಗಲ ಮೇಲಿದೆ. ಒರೆಸಲು ಸಿಗುವುದು ಕಿಟಕಿಯ ಸರಳು, ಕನ್ನಡಕ, ಕೆಲವೊಮ್ಮೆ ಅಮ್ಮ ಆಗಲೇ ಒರೆಸಿಟ್ಟ ಲೋಟ. ಆ ಲೋಟದ ವಿಷಯಕ್ಕೆ ಮಾತ್ರ ಮನೆಯಲ್ಲಿ ಜಗಳವಾಗುತ್ತದೆ.

ಬಣ್ಣದಕ್ಕ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೆಲಸ ಹೂಡಿದಳು. ಅಪ್ಪನಿಗೆ ಕೆಲಸ ಮುಗಿಯುವ ತನಕ ಅಲ್ಲಿಗೆ ಪ್ರವೇಶವಿಲ್ಲ. ಇಪ್ಪತ್ತರಲ್ಲಿ ಒಂದು ಪಾಲಿನ ಅಳತೆ. ಇಡೀ ಲಾರಿ ಒಂದು ಮೊಳಕ್ಕೂ ಕಡಿಮೆ. ಖಾಲಿ ಬಣ್ಣದ ಡಬ್ಬಿ ಸೀಳಿ ಬಾನೆಟ್ ಬಗ್ಗಿಸಿದಳು. ಸವೆದ ಚಪ್ಪಲಿಯ ಅಟ್ಟೆ ಕತ್ತರಿಸಿ ಟೈರು ಮಾಡಿದಳು. ಅಪ್ಪನ ಮಾತ್ರೆಗಳ ಖಾಲಿ ಹಾಳೆಯಲ್ಲಿ ಉಬ್ಬಿದ ಪಾರದರ್ಶಕ ಗುಳ್ಳೆಗಳಿರುತ್ತವಲ್ಲ, ಅವು ಹೆಡ್‌ಲೈಟಾದವು. ತಾಮ್ರದ ತಂತಿ ಸುತ್ತಿ ಸ್ಟೀರಿಂಗ್. ಹಿಂದಿನ ತೊಟ್ಟಿಗೆ ಹಣ್ಣಿನ ಪೆಟ್ಟಿಗೆಯ ತೆಳು ಹಲಗೆ. ಕೈಯಲ್ಲಿ ಹಿಡಿದು ನೋಡಿದರೆ ಎಂಜಿನ್ ಒಂದಿಲ್ಲ ಅನ್ನಬೇಕು, ಅಷ್ಟೇ.

ಆಮೇಲೆ ಹಳತು ಮಾಡುವ ಕೆಲಸ. ಇಲ್ಲಿ ಅವಳು ಕೈಬಿಚ್ಚಿದಳು. ಮೊದಲು ತುಕ್ಕಿನ ಬಣ್ಣ. ಅದನ್ನು ಒದ್ದೆ ಮಾಡಿ ಉಪ್ಪಿನ ಹರಳು ಚಿಮುಕಿಸಿ, ಮೇಲೆ ಅಪ್ಪನ ಲಾರಿಯ ಹಸಿರು ಹೊಡೆದು, ಒಣಗಿದ ಬಳಿಕ ಹರಳು ಉಜ್ಜಿ ಉದುರಿಸಿದಳು. ಉಪ್ಪು ಕೂತಿದ್ದಲ್ಲೆಲ್ಲ ಬಣ್ಣ ಎದ್ದು ಅಡಿಯ ತುಕ್ಕು ಇಣುಕಿತು. ಚಕ್ರದ ಮೇಲಿನ ಮಡ್‌ಗಾರ್ಡಿಗೆ ಕೆಸರು ಬೇಕು. ರಸ್ತೆಯ ಮಣ್ಣನ್ನೇ ತಂದು ಹಚ್ಚಿದರೆ ಒಂದೊಂದು ಕಣವೂ ಬಂಡೆಯ ಹಾಗೆ ಕಂಡಿತು. ನಿಜವಾದ ಮಣ್ಣು ಈ ಅಳತೆಯಲ್ಲಿ ಸುಳ್ಳು ಹೇಳುತ್ತದೆ. ಅದನ್ನು ತೊಳೆದು, ಇಟ್ಟಿಗೆ ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಅಂಟಿನಲ್ಲಿ ಕಲಸಿ ಹಚ್ಚಿದಳು. ಬಾಗಿಲಿನ ಕೆಳಗೆ ತುಕ್ಕಿನ ನೀರು ಇಳಿದ ಗೆರೆ, ಬಾನೆಟ್ಟಿನ ಮೇಲೆ ಮಸಿ. ಮುಗಿದಾಗ ಅವಳಿಗೇ ರೋಮಾಂಚನ. ಒಮ್ಮೆ ಮಾದರಿಗಳ ಪ್ರದರ್ಶನಕ್ಕೆ ಹೋಗಿದ್ದಳು. ಅಲ್ಲಿ ಎಷ್ಟು ತುಕ್ಕೋ ಅಷ್ಟು ಚಪ್ಪಾಳೆ. ಇದು ಅಲ್ಲಿದ್ದಿದ್ದರೆ ಚಪ್ಪಾಳೆಗೆ ಚಾವಣಿಯೇ ಹಾರಿಹೋಗುತ್ತಿತ್ತು.

ಮಾದರಿಯನ್ನು ತಂದು ಅಪ್ಪನ ಮುಂದಿಟ್ಟಳು. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡ. ಒಂದು ಸುತ್ತು ನೋಡಿದ.

“ಯಾರ ಗಾಡಿ ಇದು?”

“ನಿನ್ನದೇ ಅಪ್ಪ.”

“ನನ್ನದಲ್ಲ. ಇದನ್ನ ಓಡಿಸಿದವನು ಯಾವನೋ ಸೋಮಾರಿ.”

ಅವಳ ಪಿತ್ತ ನೆತ್ತಿಗೇರಿತು. “ಅಷ್ಟು ವರ್ಷ ಓಡಿದ ಗಾಡಿ ಅಪ್ಪ. ಹಳೇದಾಗಿರಲ್ವಾ?”

“ಹಳೇದು ಬೇರೆ, ಕೊಳಕು ಬೇರೆ ಕಣೇ. ನಾನು ಹಳೇ ಗಾಡಿ ಓಡಿಸಿದೀನಿ. ಕೊಳಕು ಗಾಡಿ ಒಂದು ದಿನ ಓಡಿಸಿಲ್ಲ. ಇದನ್ನ ತಗೊಂಡು ಹೋಗಿ ನನ್ನ ಹೆಸರು ಹೇಳಿ ಇಡ್ತೀಯಾ? ಅವರ ಮುಂದೆಲ್ಲ?”

ಮುಖ ಕಿಟಕಿಗೆ ತಿರುಗಿಸಿದ. ಆ ದಿನ ಊಟಕ್ಕೆ ಕೂತಾಗಲೂ ಮಗಳತ್ತ ನೋಡಲಿಲ್ಲ.

ತುಕ್ಕಿನಲ್ಲಿ ಸೊಬಗು ಕಾಣುವವರು ಲೋಕದಲ್ಲಿ ಬಹಳ ಇದ್ದಾರೆ. ಅವರ ಮನೆಯ ಬಾಗಿಲು ಹೊಳೆಯುತ್ತಿರುತ್ತದೆ, ಗೋಡೆಗೆ ಮಾತ್ರ ಮುರುಕು ಗಾಡಿಯ ಚಿತ್ರ ತೂಗುಹಾಕುತ್ತಾರೆ. ತುಕ್ಕು ಎಂದರೇನೆಂದು ಗಾಡಿಯ ಮೇಲೆ ಅನ್ನ ನಿಂತಿರುವವರನ್ನು ಕೇಳಬೇಕು. ಬ್ರೇಕಿನ ಪೈಪಿಗೆ ತುಕ್ಕು ಬಂದರೆ ಇಳಿಜಾರಿನಲ್ಲಿ ಹೆಣ ಬೀಳುತ್ತದೆ. ಬಡವನ ವಸ್ತುವೆಂದರೆ ಕೊಳಕಾಗಿಯೇ ಇರಬೇಕು, ಆಗಲೇ ಅದು ‘ನೈಜ’ ಎಂಬ ಅಹಂಕಾರ ಆ ಚಪ್ಪಾಳೆಯಲ್ಲಿದೆ. ಬಣ್ಣದಕ್ಕನೂ ಅದಕ್ಕೆ ಮರುಳಾಗಿದ್ದಳು, ಅದೂ ಸ್ವಂತ ಅಪ್ಪನ ಗಾಡಿಯ ವಿಷಯದಲ್ಲಿ. ಅದು ಅವಳಿಗೆ ತಟ್ಟೆಯಲ್ಲಿ ಅನ್ನ ಕಲಸುತ್ತಿರುವಾಗಲೇ ಹೊಳೆಯಿತು. ಹೊಳೆದದ್ದರಿಂದ ಕೋಪವೇನೂ ಇಳಿಯಲಿಲ್ಲ, ಅಪ್ಪನ ಮೇಲಿದ್ದದ್ದು ತನ್ನ ಮೇಲೆ ತಿರುಗಿತು, ಅಷ್ಟೇ.

ಪಾತ್ರೆ ತೊಳೆಯುವಾಗ ಅಮ್ಮನ ಹತ್ತಿರ ಗೊಣಗಿದಳು. “ತುಕ್ಕು ಹಾಕಿದರೆ ನನ್ನ ಗಾಡಿ ಅಲ್ಲ ಅಂತಾರೆ. ಹಾಕದಿದ್ದರೆ ಹೊಸ ಗಾಡಿ ಆಗುತ್ತೆ. ನಾನೇನು ಮಾಡಲಿ?”

“ನನ್ನನ್ನ ಕೇಳಿದ್ಯಾ?” ಎಂದಳು ಅಮ್ಮ.

“ನಿನಗೇನು ಗೊತ್ತು ಗಾಡಿ ವಿಷಯ?”

“ಗಾಡಿ ಗೊತ್ತಿಲ್ಲ. ಗಾಡಿ ಒರೆಸಿದ ಬಟ್ಟೆ ಗೊತ್ತು. ಒಗೆದೋಳು ಯಾರು, ನಿಮ್ಮಜ್ಜಿನಾ? ಮೊದಮೊದಲು ಬಟ್ಟೇಲಿ ಬರೀ ಧೂಳು ಇರ್ತಿತ್ತು. ಆಮೇಲಾಮೇಲೆ ಧೂಳಿಗಿಂತ ಹಸಿರೇ ಜಾಸ್ತಿ. ಬಕೆಟ್ ನೀರೆಲ್ಲ ಹಸಿರು. ಈ ಮಹರಾಯರು ಒರೆಸೀ ಒರೆಸೀ ಬಣ್ಣಾನೇ ಮನೆಗೆ ತರ್ತಿದ್ರು. ನನ್ನ ಮುಖಾನ ಅದರಲ್ಲಿ ಒಂದು ಪಾಲು ನೋಡಿದ್ದಿದ್ರೆ ನಾನು ರಾಣಿ ಆಗಿರ್ತಿದ್ದೆ.”

ಬಣ್ಣದಕ್ಕನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು.

ಗ್ಯಾರೇಜಿನಲ್ಲಿ ಅಂಥ ಬಣ್ಣವನ್ನು ಅವಳು ಎಷ್ಟೋ ಸಲ ಕೆರೆದು ಎಸೆದಿದ್ದಳು. ಬಿಸಿಲಿಗೆ ಬೆಂದ ಹಳೆಯ ಬಣ್ಣ ಸೀಮೆಸುಣ್ಣದ ಹಾಗಾಗುತ್ತದೆ, ಮುಟ್ಟಿದರೆ ಕೈಗೆ ಬರುತ್ತದೆ. ಅಪ್ಪನ ಲಾರಿಯನ್ನು ಹಳತು ಮಾಡಿದ್ದು ತುಕ್ಕಲ್ಲ, ಅಪ್ಪನ ಕೈ. ಹಾಗಿದ್ದರೆ ಇಲ್ಲಿ ಕೊಳೆ ಹಚ್ಚುವ ಕೆಲಸವೇ ಇಲ್ಲ, ಒರೆಸಿ ತೆಗೆಯುವ ಕೆಲಸ.

ಮರುದಿನ ಥಿನ್ನರ್ ಹಾಕಿ ಮಾದರಿಯ ಬಣ್ಣವನ್ನೆಲ್ಲ ಇಳಿಸಿದಳು. ಚಪ್ಪಾಳೆ ಗಿಟ್ಟಿಸಬೇಕಿದ್ದ ತುಕ್ಕು ಕಂದು ನೀರಾಗಿ ಮೋರಿಗೆ ಹೋಯಿತು. ತಗಡಿನ ಮೇಲೆ ಅಡಿಬಣ್ಣವಾಗಿ ಕೆಂಪು ಪ್ರೈಮರ್ ಹೊಡೆದಳು. ಅದರ ಮೇಲೆ ಸೀಮೆಸುಣ್ಣದ ಪುಡಿ ಬೆರೆಸಿದ ಹಸಿರು, ತೆಳ್ಳಗೆ. ಆಮೇಲೆ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಕಣ್ಣು ಮುಚ್ಚಿದಳು. ಅಪ್ಪ ಹೇಗೆ ಒರೆಸುತ್ತಿದ್ದ? ಮೊದಲು ಎಡಗಡೆಯ ಹೆಡ್‌ಲೈಟು, ಅಲ್ಲಿಂದ ಬಾನೆಟ್ಟಿನ ಮೇಲೆ ಕಮಾನಿನ ಹಾಗೆ ಬಲಕ್ಕೆ, ಮತ್ತೆ ಹಿಂದಕ್ಕೆ. ಅವಳೂ ಹಾಗೇ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು. ಬಾನೆಟ್ಟಿನ ನಡುವೆ ಹಸಿರು ಹಾಲಿನ ಕೆನೆಯಷ್ಟು ತೆಳುವಾಯಿತು, ಅಂಚಿನಲ್ಲಿ ಪ್ರೈಮರಿನ ಕೆಂಪು ಕಾಣಿಸಿಕೊಂಡಿತು, ಹೆಡ್‌ಲೈಟಿನ ಬಳೆಯ ಮೇಲೆ ಬರೀ ತಗಡು ಹೊಳೆಯಿತು. ಡ್ರೈವರ್ ಬಾಗಿಲಿನ ಮೇಲಂಚು ಮೊಣಕೈ ಇಡುವ ಜಾಗ, ಅಲ್ಲೂ ಸವೆಸಿದಳು. ಹತ್ತುವ ಮೆಟ್ಟಿಲಿನ ನಡುವೆಯೂ. ಕೆಸರನ್ನು ಪೂರ್ತಿ ಬಿಡಲಿಲ್ಲ. ಅಪ್ಪನ ತೋಳು ಎಟುಕದ ಕಡೆ, ಚಕ್ರದ ಒಳಬದಿಗೆ, ಅಡಿಯ ಪಟ್ಟಿಗಳ ಸಂದಿಗೆ, ಇಟ್ಟಿಗೆ ಪುಡಿ ಅಷ್ಟಷ್ಟೇ. ಎಡ ಮಡ್‌ಗಾರ್ಡಿನ ಮೇಲೆ ಬೇರೆ ಹಸಿರಿನ ತೇಪೆಯೊಂದನ್ನು ಬ್ರಷ್ಷಿನಲ್ಲಿ ಒರಟಾಗಿ ಬಳಿದಳು. ಕೊನೆಗೆ ಬಣ್ಣ ಹಿಡಿದು ನಿಲ್ಲಲು ಮೇಲೊಂದು ವಾರ್ನಿಷ್ ಹೊಡೆಯಬೇಕು. ಅಪ್ಪ ನೋಡಲಿ, ಆಮೇಲೆ ಹೊಡೆದರಾಯಿತು ಎಂದು ಬಿಟ್ಟಳು.

ಕಾರ್ಯದರ್ಶಿ ಬರುತ್ತೇನೆಂದಿದ್ದ ದಿನ ಬೆಳಿಗ್ಗೆ ಅದನ್ನು ಮತ್ತೆ ಕಿಟಕಿಯ ಬೆಳಕಿನಲ್ಲಿಟ್ಟಳು. ಈ ಸಲವೂ ‘ನನ್ನದಲ್ಲ’ ಎಂದರೆ ಹೂವಿನ ಕುಂಡವೇ ಗತಿ.

ಅಪ್ಪ ಬಹಳ ಹೊತ್ತು ನೋಡಿದ. ಡ್ರೈವರ್ ಬಾಗಿಲಿನ ಅಂಚಿನ ಹತ್ತಿರ ಬಗ್ಗಿದ. ತನ್ನ ಮೊಣಕೈಯನ್ನು ತಾನೇ ಒಮ್ಮೆ ಮುಟ್ಟಿಕೊಂಡ. ಆಮೇಲೆ ಮಡ್‌ಗಾರ್ಡಿನ ತೇಪೆಯ ಮೇಲೆ ಬೆರಳಿಟ್ಟ.

“ಇದು ಹೇಗೆ ಗೊತ್ತಾಯ್ತು ನಿನಗೆ?”

“ನಮ್ಮ ಹಳೇ ಮನೆ ಗೇಟಿಗೆ ತಂದ ಬಣ್ಣ ಅರ್ಧಕ್ಕೇ ಯಾಕೆ ಮುಗೀತು ಅಂತ ಅಮ್ಮ ಇವತ್ತಿಗೂ ಬೈತಾಳಲ್ಲ.”

“ಮಾಲೀಕ ಒಂದು ಡಬ್ಬಿ ಬಣ್ಣ ಕೊಡಿಸಲಿಲ್ಲ” ಎಂದ ಅಪ್ಪ. “ಗೀರು ಬಿದ್ದಿತ್ತು. ಹಾಗೇ ಬಿಡೋಕಾಗುತ್ತಾ?”

“ಗೇಟು ಬಿಡಬಹುದು” ಎಂದಳು ಅಮ್ಮ ಒಳಗಿನಿಂದ.

ಅಪ್ಪ ಹೆಗಲ ಮೇಲಿನ ಬಟ್ಟೆ ತೆಗೆದ. ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಂಡ. ಎಡಗಡೆಯ ಹೆಡ್‌ಲೈಟಿನಿಂದ ಶುರುಮಾಡಿ, ಬಾನೆಟ್ಟಿನ ಮೇಲೆ ಕಮಾನಿನ ಹಾಗೆ ಬಲಕ್ಕೆ ಎಳೆದ. ಬಟ್ಟೆ ತಿರುಗಿಸಿ ನೋಡಿದ. ಹಸಿರು ಹತ್ತಿತ್ತು.

“ಶುರುವಾಯ್ತು” ಎಂದಳು ಬಾಗಿಲಿಗೆ ಬಂದು ನಿಂತಿದ್ದ ಅಮ್ಮ. “ಒಗೆಯೋಳು ಇದಾಳಲ್ಲ.”

ಎಷ್ಟೋ ಗಾಡಿಗಳ ಬಣ್ಣದ ಮೇಲೆ ಯಾರದೋ ಬೆರಳು ತಾಗಿತೆಂದು ಕೂಗಾಡಿ ಗ್ಯಾರೇಜನ್ನೇ ನಡುಗಿಸಿದವಳು ಬಣ್ಣದಕ್ಕ. ಈಗ ಅಪ್ಪನ ಹೆಬ್ಬೆರಳು ಬಿಟ್ಟುಹೋದ ಪಟ್ಟೆಯನ್ನು ನೋಡುತ್ತ ಸುಮ್ಮನೆ ನಿಂತಳು. ವಾರ್ನಿಷ್ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಶೆಲ್ಫಿನ ಮೇಲೆ ಹಿಂದಕ್ಕೆ ತಳ್ಳಿದಳು.

ಕಾರ್ಯದರ್ಶಿ ಬಂದು ಸುತ್ತಲೂ ನೋಡಿ ತಲೆದೂಗಿದ. “ಏನಮ್ಮ, ಇದು ಈಗತಾನೇ ನಿಲ್ಲಿಸಿ ಇಳಿದ ಹಾಗಿದೆ. ಇಲ್ಲಿ ಬಾನೆಟ್ ಮೇಲೆ ಯಾರೋ ಕೈ ಆಡಿಸಿದಾರೆ ನೋಡು. ಸರಿ ಮಾಡಿ ಕೊಡ್ತೀಯಾ?”

“ಅದು ಹಾಗೇ ಇರಲಿ. ಡ್ರೈವರ್ ಕೈ ಅದು.”

ಅವನು ರಟ್ಟಿನ ಪೆಟ್ಟಿಗೆಯಲ್ಲಿ ಮಾದರಿಯನ್ನು ಇಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದ. ಅಪ್ಪ ಕಿಟಕಿಯ ಸರಳು ಹಿಡಿದು ಎದ್ದು ನಿಂತ. ಸರದಿ ಮುಗಿಸಿದ ಡ್ರೈವರ್ ಮುಂದಿನವನಿಗೆ ಗಾಡಿ ಒಪ್ಪಿಸುವಾಗ ಮಾತಾಡುವ ದನಿಯಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ:

“ಜೋಪಾನ ಕಣಪ್ಪ. ಎರಡನೇ ಗೇರ್ ಸ್ವಲ್ಪ ಬಿಗಿ. ನಿಧಾನವಾಗಿ ಹಾಕು.”