ಪರೀಕ್ಷೆಯ ದಿನದ ಜ್ವರ

ನಮ್ಮತ್ತಿಗೆ ಪಾಠ ಶುರು ಮಾಡಿದರೆ ಬೀದಿಯ ತುದಿಯಲ್ಲಿ ಬಟ್ಟೆ ಹೊಲಿಯುವ ನನಗೂ ಮಗ್ಗಿ ಬಾಯಿಪಾಠವಾಗುತ್ತದೆ. ಊರೆಲ್ಲ ಅವರನ್ನು ಗಂಟಲು ಟೀಚರ್ ಎನ್ನುತ್ತದೆ. ಅಣ್ಣನಂತೂ ಅವರೆದುರು ಪಿಟಕ್ಕೆನ್ನುವುದಿಲ್ಲ.

ಅವರದು ಕೆಳಗಿನ ಶಾಲೆ. ಸೋರುವ ಚಾವಣಿ, ಒಂದೇ ಕೋಣೆಯಲ್ಲಿ ಎರಡು ತರಗತಿ. ಗುಡ್ಡದ ಮೇಲಿನ ಶಾಲೆಯಲ್ಲಿ ಪ್ರಯೋಗಾಲಯ, ಗ್ರಂಥಾಲಯ, ಈಜುಕೊಳ ಕೂಡ. ಎರಡಕ್ಕೂ ದುಡ್ಡು ಕೊಡುವ ಕಚೇರಿ ಒಂದೇ. ವಾರ್ಷಿಕ ಪರೀಕ್ಷೆಯಲ್ಲಿ ಸರಾಸರಿ ಅಂಕ ಹೆಚ್ಚು ಬಂದ ಶಾಲೆಗೆ ಹೆಚ್ಚು ಅನುದಾನ, ಕಡಿಮೆ ಬಂದರೆ ಕಡಿತ. ಹೊಟ್ಟೆ ತುಂಬಿದವರಿಗೇ ಬಡಿಸುವ ಈ ಲೆಕ್ಕಾಚಾರ ಯಾವ ಬುದ್ಧಿವಂತನ ತಲೆಯಲ್ಲಿ ಹುಟ್ಟಿತೋ ನಾ ಕಾಣೆ.

ಹಾಗಾಗಿ ಶಾಲೆಗಳಲ್ಲೆಲ್ಲ ಒಂದು ಗುಟ್ಟಿನ ಪದ್ಧತಿ ಬೆಳೆದಿತ್ತು. ಓದಿನಲ್ಲಿ ಹಿಂದಿರುವ ಮಕ್ಕಳ ತಾಯಂದಿರನ್ನು ಕರೆದು, "ನಾಳೆ ಮಗೂಗೆ ಜ್ವರ ಅಂತ ಮನೇಲೇ ಇಟ್ಕೊಳ್ಳಿ" ಎನ್ನುವುದು. ಬಾರದವರ ಅಂಕ ಸರಾಸರಿಗೆ ಸೇರುವುದಿಲ್ಲವಲ್ಲ.

ಅತ್ತಿಗೆ ಮಾತ್ರ ಯಾರಿಗೂ ಜ್ವರ ಬರಿಸಲಿಲ್ಲ. ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದರು. ಸರಾಸರಿ ನೆಲಕಚ್ಚಿತು. ಇನ್ನೊಂದು ವರ್ಷ ಹೀಗಾದರೆ ಶಾಲೆಯನ್ನೇ ಮುಚ್ಚುತ್ತೇವೆ ಎಂದಿತು ಕಚೇರಿ. ಹೆಡ್‌ಮಾಸ್ಟರು ಅಂಗಲಾಚಿದರು: "ಈ ಸಲ ಒಂದಿಬ್ಬರಿಗಾದ್ರೂ ಜ್ವರ ಬರ್ಲಿ ಟೀಚರ್."

"ಬಂದ್ರೆ ನನಗೇ ಬರ್ಲಿ ಸಾರ್," ಎಂದವರೇ ಅತ್ತಿಗೆ ಗುಡ್ಡ ಹತ್ತಿ ಮೇಲಿನ ಶಾಲೆಯ ಪೋಷಕರ ಸಭೆಗೆ ನುಗ್ಗಿದರು. ಹಿಂದೆಯೇ ನಾನೂ ಹೋದೆ. ಜಗಳವಾದರೆ ನಮ್ಮ ಕಡೆಯವರೂ ಒಬ್ಬರು ಬೇಡವೇ?

"ಪರೀಕ್ಷೆ ದಿನ ನಿಮ್ಮಲ್ಲಿ ಯಾರ್ಯಾರ ಮಕ್ಕಳನ್ನ ಮನೇಲಿ ಕೂರಿಸ್ತಾರೆ?" ಎಂದು ಅತ್ತಿಗೆ ಕೇಳಿದರು. ಹಲ್ಲಿನ ಡಾಕ್ಟರಮ್ಮ ಒಬ್ಬರು ಎದ್ದರು.

"ನನ್ನ ಮಗಳನ್ನ. ಪೆನ್ಸಿಲ್ ಚೂಪು ಮಾಡಿಟ್ಕೊಂಡು ಅಳ್ತಾ ಕೂತಿದ್ಲು. ನಾನು ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆ."

ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಮೇಲಿನವರೂ ಕೆಳಗಿನವರೂ ಕೂಡಿ ಊರಿನ ಒಂದೊಂದು ಶಾಲೆಗೂ ಅಲೆದು ಒಪ್ಪಿಸಿದರು. ಆ ವರ್ಷ ಎಲ್ಲ ಶಾಲೆಗಳ ಎಲ್ಲ ಮಕ್ಕಳೂ ಪರೀಕ್ಷೆ ಬರೆದರು. ಸರಾಸರಿ ಎಲ್ಲ ಕಡೆಯೂ ಜಾರಿತು. ಆದರೂ ಎಲ್ಲಕ್ಕಿಂತ ಕಡಿಮೆ ಕೆಳಗಿನ ಶಾಲೆಯದೇ.

ಕಚೇರಿಯ ಅಧಿಕಾರಿ ಎಲ್ಲ ಶಾಲೆಯವರನ್ನೂ ಕರೆಸಿ, ನಿಯಮದ ಪ್ರಕಾರ ಕೆಳಗಿನ ಶಾಲೆ ಮುಚ್ಚಲೇಬೇಕು ಎಂದರು. ಆಗ ಮೇಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಎದ್ದು ನಿಂತರು.

"ಇಷ್ಟು ವರ್ಷ ಮಕ್ಕಳನ್ನ ಬಚ್ಚಿಟ್ಟು ದುಡ್ಡು ತಗೊಂಡೋರು ನಾವು. ಮುಚ್ಚೋದಾದ್ರೆ ನಮ್ಮಿಂದ ಶುರು ಮಾಡಿ."

"ನಮ್ಮದನ್ನೂ ಸೇರಿಸ್ಕೊಳ್ಳಿ," ಎಂದರು ಇನ್ನೊಂದು ಶಾಲೆಯವರು. ಮತ್ತೊಬ್ಬರು ಎದ್ದರು, ಮಗದೊಬ್ಬರು ಎದ್ದರು. ಅಧಿಕಾರಿ ಬೆವರೊರೆಸಿಕೊಂಡರು. ಊರಿನ ಶಾಲೆಗಳಿಗೆಲ್ಲ ಬೀಗ ಜಡಿಯಲು ಯಾರಿಗೆ ತಾನೇ ಧೈರ್ಯ? ಕೆಳಗಿನ ಶಾಲೆ ಮುಚ್ಚುವುದಿಲ್ಲ, ಅನುದಾನದ ನಿಯಮ ಬದಲಿಸಲು ಮೇಲಧಿಕಾರಿಗಳಿಗೆ ಬರೆಯುತ್ತೇನೆ ಎಂದು ಎಲ್ಲರೆದುರು ಒಪ್ಪಿಕೊಂಡರು.

ಅತ್ತಿಗೆ ಮುಖ್ಯೋಪಾಧ್ಯಾಯಿನಿಯ ಕೈ ಹಿಡಿದುಕೊಂಡು ನಿಂತಿದ್ದರು. ನನ್ನ ಪಕ್ಕದಲ್ಲಿದ್ದ ಹೆಂಗಸು, "ಆ ಟೀಚರ್ ಯಾರು?" ಎಂದು ಕೇಳಿದಳು.

"ನಮ್ಮತ್ತಿಗೆ," ಎಂದೆ. ಕೇಳದವರಿಗೂ ಹೇಳಿದೆ.